ನನ್ನ ಹೆಸರಿನ ನಡಿಗೆ

ಈ ಬರಹದಲ್ಲಿ ನನ್ನ ನೆನಪಿನಿಂದ ಬಂದದ್ದು ಯಾವುದು, ಮನೆಯವರನ್ನು ಕೇಳಿ ಬರೆದದ್ದು ಯಾವುದು ಎಂದು ಅಲ್ಲಲ್ಲಿ ಹೇಳಿಬಿಡುತ್ತೇನೆ. ಹೇಳದಿದ್ದರೆ ನನಗೇ ಸಮಾಧಾನವಿರುವುದಿಲ್ಲ. ರೋಗದ ಹೆಸರು ಗೊತ್ತಾದ ದಿನ ಹುಬ್ಬಳ್ಳಿಯಲ್ಲಿ ಜೋರು ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಮಳೆ ಎಲ್ಲಿತ್ತು, ಬಿಸಿಲಿಗೆ ಆಸ್ಪತ್ರೆಯ ಮೆಟ್ಟಿಲು ಕಾದಿದ್ದವು ಎನ್ನುತ್ತಾಳೆ ನನ್ನ ಹೆಂಡತಿ ಸುಧಾ. ಅವಳು ಹೇಳುವುದೇ ನಿಜವಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಒದ್ದೆ ಮೆಟ್ಟಿಲೇ ಕಾಣುತ್ತವೆ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು. ಲಕಮನಹಳ್ಳಿಯ ಒಂದು ಕಾರ್ಖಾನೆಯ ಅಳತೆ ವಿಭಾಗದಲ್ಲಿ ಕೆಲಸ. ಕಾರ್ಖಾನೆಯಲ್ಲಿ ತಯಾರಾಗುವ ಬಿಡಿಭಾಗಗಳನ್ನು ಅಳೆಯಲು ಗೇಜುಗಳಿರುತ್ತವೆ. ಆ ಗೇಜುಗಳೇ ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ನಮ್ಮ ವಿಭಾಗದ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಹೇಳುವುದಿಷ್ಟೆ: ವಸ್ತುವನ್ನು ನಂಬಬೇಡಿ, ಗೇಜನ್ನು ನಂಬಬೇಡಿ, ನಿಮ್ಮ ಕಣ್ಣನ್ನಂತೂ ನಂಬಲೇಬೇಡಿ. ಈ ಸ್ವಭಾವ ಕೆಲಸದಿಂದ ಬಂದದ್ದೋ, ಸ್ವಭಾವದಿಂದ ಕೆಲಸ ಸಿಕ್ಕಿತೋ ಗೊತ್ತಿಲ್ಲ. ಅವ್ವನ ಪ್ರಕಾರ, ಹಾಲು ಕಾದಿದೆ ಎಂದು ಹೇಳಿದರೂ ಪಾತೇಲಿ ಮುಟ್ಟಿ ನೋಡಿ ಕೈ ಸುಟ್ಟುಕೊಳ್ಳುವವನು ನಾನು.

ಶುರುವಾದದ್ದು ಚಪ್ಪಲಿಯಿಂದ. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಬಿದ್ದಿದ್ದರೂ ನನಗೆ ಗೊತ್ತಾಗದೆ ಮಾಳಮಡ್ಡಿಯ ನಮ್ಮ ಓಣಿಯುದ್ದಕ್ಕೂ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ. ಅದಕ್ಕೂ ಮುಂಚೆ ಒಂದು ಕಣ್ಣು ಕೆಲವು ವಾರ ಮಸುಕಾಗಿ ತಾನೇ ಸರಿಹೋಗಿತ್ತು. ಚಷ್ಮಾದವನನ್ನು ಬೈದು ಸುಮ್ಮನಾಗಿದ್ದೆ. ಕಡೆಗೆ ಸ್ಕ್ಯಾನ್ ಆಯಿತು, ಬೆನ್ನುಹುರಿಯ ನೀರು ತೆಗೆದದ್ದಾಯಿತು, ಹುಬ್ಬಳ್ಳಿಯ ನರರೋಗದ ಡಾಕ್ಟರು ನಮ್ಮ ಮೂವರನ್ನೂ ಕೂಡಿಸಿಕೊಂಡು ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್.

ಅವ್ವ ನಿವೃತ್ತ ಸಾಲಿ ಅಕ್ಕೋರು, ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿಕೊಂಡಳು. ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದಳು. ಎಲ್ಲರೂ ಹೀಗೇ ಅನ್ನುತ್ತಾರೆ ಎಂದರು ಡಾಕ್ಟರು.

"ಹಂಗಾದ್ರ ಕಠಿಣ ಆತ್ರಿ," ಎಂದಳು ಅವ್ವ. "ಬೈಬೇಕಂದ್ರೂ ನಾಲಿಗಿ ಹೊಳ್ಳೂದಿಲ್ಲ."

ಡಾಕ್ಟರು ನಕ್ಕರು. ಸುಧಾ ಅತ್ತಳು. ನಾನು ಸ್ಕ್ಯಾನಿನ ಬಿಳಿ ಚುಕ್ಕೆಗಳು ಬೇರೆ ಯಾರದೋ ತಲೆಯವಿರಬಹುದೇ ಎಂದು ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಹುಡುಕುತ್ತಿದ್ದೆ.

ಕಾಲನ್ನೂ ನೆನಪನ್ನೂ ನಿಧಾನ ಕಸಿಯಬಲ್ಲದು ಎನ್ನುವುದನ್ನು ಬಿಟ್ಟರೆ ರೋಗದ ವಿವರ ಬರೆಯುವುದಿಲ್ಲ. ಅದು ಬಂದವರಿಗೆ ಗೊತ್ತಿರುತ್ತದೆ, ಬಾರದವರಿಗೆ ಬೇಕಾಗಿಲ್ಲ. ಆದರೆ ಡಾಕ್ಟರರ ಕೋಣೆಯ ಹೊರಗೆ ಕಾಯುವುದರ ಬಗ್ಗೆ ಒಂದು ಮಾತು. ಅಲ್ಲಿ ಹೊಸಬರು ಹಳಬರನ್ನು ಕದ್ದು ನೋಡುತ್ತಾರೆ. ಕೋಲು ಹಿಡಿದವರು, ಗಾಲಿಕುರ್ಚಿಯವರು, ಮಾತು ತೊದಲುವವರು. ಅದರಲ್ಲಿ ನನ್ನ ಮುಂದಿನ ವರ್ಷ ಯಾರು, ಅದರ ಮುಂದಿನ ವರ್ಷ ಯಾರು ಎಂದು ನಾನು ಆರಿಸುತ್ತ ಕೂಡುತ್ತಿದ್ದೆ. ಒಮ್ಮೆ ಗಾಲಿಕುರ್ಚಿಯ ಹೆಂಗಸೊಬ್ಬರು ನನ್ನನ್ನು ಹಿಡಿದುಬಿಟ್ಟರು. ತಲೆ ತುಂಬ ಮಲ್ಲಿಗೆ ಮುಡಿದಿದ್ದ ಅವರು, "ನನ್ನ ನೋಡಿ ಅಂಜಬ್ಯಾಡ್ರಿ ತಮ್ಮಾರ, ಎಲ್ಲಾರಿಗೂ ಹಿಂಗ ಆಗೂದಿಲ್ಲಂತ," ಎಂದು ಹುರಿಗಡಲೆ ಸಕ್ಕರೆಯ ಪ್ರಸಾದ ಕೊಟ್ಟರು. ಆ ದಿನ ಕದ್ದು ನೋಡಲು ಕುರ್ಚಿ ಬದಲಾಯಿಸದೆ ಒಂದೇ ಕಡೆ ಕೂತೆ.

ಮೂರನೆಯ ವರ್ಷ ಒಂದು ಜಗಳ ಬಂತು. ಈಗ ಹೇಗೆ ಓಡಾಡುತ್ತೀರಿ ಎಂದು ಡಾಕ್ಟರು ಕೇಳಿದರು. ಹಾಗೇ ಇದ್ದೇನೆ, ಪ್ರತಿ ರವಿವಾರ ಸಂತೆಗೆ ನಡೆದೇ ಹೋಗುತ್ತೇನೆ ಎಂದೆ. ಸುಧಾ ಪಕ್ಕದಲ್ಲಿ ಕೂತು ಮೇಲಿನ ಫ್ಯಾನು ನೋಡುತ್ತಿದ್ದಳು.

"ದೀಪಾವಳಿ ಆದ ಮ್ಯಾಲೆ ಇವ್ರು ಸಂತಿಗೇ ಹೋಗಿಲ್ರಿ," ಎಂದಳು.

ನಾನು ಸುಳ್ಳು ಹೇಳಿರಲಿಲ್ಲ. ಬದನೆಕಾಯಿ ಮಾರುವವಳ ದನಿ, ಕೈಚೀಲದ ಭಾರ ಎಲ್ಲ ನೆನಪಿತ್ತು. ಎಂದೋ ಹೋದ ಒಂದು ರವಿವಾರವನ್ನು ನನ್ನ ತಲೆ ಎಲ್ಲ ರವಿವಾರಗಳಿಗೂ ಹಂಚಿಬಿಟ್ಟಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ್ದನ್ನು ಸುಧಾಳನ್ನು ಕೇಳಿ ಬರೆಯುತ್ತಿದ್ದೇನೆ. ಸ್ಕ್ಯಾನಿನಲ್ಲಿ ದೊಡ್ಡ ಬದಲಾವಣೆ ಇಲ್ಲ. ಓಡಾಟ ನಿಜವಾಗಿ ಕಡಿಮೆಯಾಗುತ್ತಿದ್ದರೆ ಈಗಿನ ಗುಳಿಗೆ ಸಾಲುತ್ತಿಲ್ಲವೆಂದು ಅರ್ಥ. ಆರು ತಿಂಗಳಿಗೊಮ್ಮೆ ಹಾಕುವ ಡ್ರಿಪ್ ಔಷಧಿಗೆ ಹೋಗಬೇಕು. ಆ ಔಷಧಿ ಮೈಯ ಕಾವಲನ್ನು ಕುಗ್ಗಿಸುತ್ತದೆ, ಸಣ್ಣ ಸೋಂಕೂ ದೊಡ್ಡದಾಗಬಹುದು. ಓಡಾಟ ಮೊದಲಿನಂತೆಯೇ ಇದ್ದರೆ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ.

"ಈಗ ನಾ ಯಾರನ್ನ ನಂಬಲಿ? ನಿಮ್ಮನ್ನೋ, ಇವರನ್ನೋ?" ಎಂದು ಕೇಳಿದರು ಡಾಕ್ಟರು.

"ಯಾರನ್ನೂ ನಂಬಬ್ಯಾಡ್ರಿ, ಅಳೀರಿ," ಎಂದೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಹಾಗೆ ಅಂದಾಗ ಬಹಳ ದಿನದ ಮೇಲೆ ನನ್ನ ಊರಿಗೆ ಬಂದಂತಾಗಿತ್ತು.

ನಡಿಗೆ ಅಳೆಯುವ ಸಾಧನಗಳು ಆಸ್ಪತ್ರೆಯಲ್ಲಿ ಒಂದೆರಡೇ ಇದ್ದವು. ನಮ್ಮ ಪಾಳಿ ಬರಲು ಕೆಲವು ವಾರ ಬೇಕಿತ್ತು. ಅಲ್ಲಿಯವರೆಗೆ ಸುಮ್ಮನಿರಲಾಗದೆ ನಡಿಗೆ ಎಣಿಸುವ ಒಂದು ಕೈಗಡಿಯಾರ ಕೊಂಡೆ. ಕೊಂಡ ಮೇಲೆ ಅದನ್ನು ಪರೀಕ್ಷಿಸಬೇಕಲ್ಲ. ಗೋಡೆ ಹಿಡಿದು ನಡುಮನೆಯಿಂದ ಹಿತ್ತಲಿಗೆ ಹೋಗಿಬಂದರೆ, ಕೈ ಬೀಸದ ಕಾರಣ, ಅದು ನಾನು ಕೂತೇ ಇದ್ದೆ ಎಂದಿತು. ತಗ್ಗುಬಿದ್ದ ರಸ್ತೆಯಲ್ಲಿ ಸುಧಾಳ ಸ್ಕೂಟರಿನ ಹಿಂದೆ ಕೂತು ಬಂದರೆ ಚೆನ್ನಾಗಿ ನಡೆದಿರಿ ಎಂದಿತು. ಕಡೆಗೆ ಅವ್ವ ರೊಟ್ಟಿ ಬಡಿಯಲು ಕೂತಾಗ ಅವಳ ಕೈಗೆ ಕಟ್ಟಿದೆ. ಬುಟ್ಟಿ ತುಂಬುವಷ್ಟರಲ್ಲಿ ಗಡಿಯಾರ ಗುಂಯ್ ಎಂದು ನಡುಗಿ ಅವಳನ್ನು ಅಭಿನಂದಿಸಿತು. ಒಲೆಯ ಮುಂದೆ ಕೂತಲ್ಲೇ ಅವಳು ಗುಡ್ಡ ಹತ್ತಿ ಇಳಿದಿದ್ದಳು.

"ಅಂದ್ರ ಇದಕ್ಕ ಯಾರ ಕೈ ಅನ್ನೂದ ಗೊತ್ತಾಗೂದಿಲ್ಲೇನು?" ಎಂದು ಕೇಳಿದಳು.

"ಇಲ್ಲವಾ. ಯಾವ ಮಷೀನಿಗೂ ಗೊತ್ತಾಗೂದಿಲ್ಲ. ಯಾರ ಕಟಗೊಂಡ್ರೂ, ಯಾರ ಹೆಸರಿಗೈತೋ ಅವ್ರ ಲೆಕ್ಕಾ." ಪಾಠ ಒಪ್ಪಿಸಿದ ಹುಡುಗನಂತೆ ಹೇಳಿದೆ. ಗಡಿಯಾರವನ್ನು ಕಪಾಟಿನಲ್ಲಿ ಎಸೆದೆ.

ಆಸ್ಪತ್ರೆಯ ಸಾಧನ ಬೇರೆ ಜಾತಿಯದು. ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು, ಸೊಂಟಕ್ಕೆ ಕಟ್ಟುವ ಪಟ್ಟಿಯಲ್ಲಿ ಹೊಲಿದದ್ದು. ಅಂಕಿ ತೋರಿಸುವ ಪರದೆಯೇ ಇಲ್ಲ. ನೋಡಿದರೆ ಜನ ಹೆಚ್ಚು ನಡೆಯಲು ಹತ್ತುತ್ತಾರಂತೆ. ಕೊಟ್ಟವರು ಶಾಹೀನ್ ಎಂಬ ಫಿಸಿಯೋಥೆರಪಿಸ್ಟ್, ಹಳೇ ಹುಬ್ಬಳ್ಳಿಯವರು. ಒಂದು ದಿನದ ನಡಿಗೆ ನೋಡಿ ಮನುಷ್ಯನನ್ನು ಹೇಳಲು ಬರುವುದಿಲ್ಲ, ಸೋಮವಾರ ಇದ್ದಂತೆ ರವಿವಾರ ಇರುವುದಿಲ್ಲ, ಅದಕ್ಕೇ ವಾರ ಪೂರ್ತಿ ಕಟ್ಟಿಕೊಳ್ಳಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬೇಕು ಎಂದರು. "ದಿನಾ ಹೆಂಗಿರ್ತೀರೋ ಹಂಗ ಇರ್ರಿ ಸರ್. ಪರೀಕ್ಷಾ ಅಂತ ತಿಳ್ಕೋಬ್ಯಾಡ್ರಿ."

ನಾನು ಹಾಗೇ ಇದ್ದೆ. ನನ್ನ ಬೆಳಗು ಅಂದರೆ ಹೀಗೆ: ಸುಧಾ ಹುಬ್ಬಳ್ಳಿಯ ಆಫೀಸಿಗೆ ಬೇಗ ಬಸ್ಸು ಹಿಡಿಯುತ್ತಾಳೆ. ಆಮೇಲೆ ನಾನು ಸೊಂಟದ ಪಟ್ಟಿ ಬಿಚ್ಚಿ ಬಚ್ಚಲ ಹೊರಗಿನ ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋಗುತ್ತೇನೆ. ಬಿಸಿನೀರು ಸುರಿದುಕೊಂಡರೆ ಕಾಲಿನ ಶಕ್ತಿ ಸೋರಿಹೋಗುತ್ತದೆ, ಅದಕ್ಕೆ ಉಗುರುಬೆಚ್ಚಗಿನ ನೀರು, ಸ್ಟೂಲಿನ ಮೇಲೆ ಕೂತು ನಿಧಾನ ಸ್ನಾನ, ಅಲ್ಲೇ ಗಡ್ಡ. ಹೊರಗೆ ಬಂದು ಉಸಿರು ತಿರುಗಿಸಿಕೊಂಡು ಪಟ್ಟಿ ಕಟ್ಟಿಕೊಳ್ಳುವ ಹೊತ್ತಿಗೆ ಅವ್ವ ಓಣಿಯ ತುದಿಯ ಹನುಮಪ್ಪನ ಗುಡಿಗೆ ಹೋಗಿ ಬಂದಿರುತ್ತಾಳೆ. ಆಮೇಲೆ ಕಾರ್ಖಾನೆಯ ಗಾಡಿ ಬರುತ್ತದೆ.

ವಾರ ಮುಗಿದ ಮೇಲೆ ಪಟ್ಟಿ ಹಿಂದಿರುಗಿಸಲು ನಾನೊಬ್ಬನೇ ಹೋದೆ. ಶಾಹೀನ್ ಅದನ್ನು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ನನ್ನ ವಾರ ಮೂಡಿತು. ಹಗಲೆಲ್ಲ ಸಣ್ಣ ಸಣ್ಣ ಗೆರೆಗಳು. ಆದರೆ ದಿನಾ ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ದಟ್ಟ, ಎತ್ತರದ ಗುಡ್ಡ.

"ಮುಂಜಾನಿ ವಾಕಿಂಗ್ ಭಾಳ ಛಲೋ ಐತಿ ನಿಮ್ದು. ಒಂದ ದಿನಾನೂ ತಪ್ಪಿಸಿಲ್ಲ ನೋಡ್ರಿ. ಡ್ರಿಪ್ ಬ್ಯಾಡ ಅಂತಾರ ಡಾಕ್ಟರ್ ಮೇಡಂ."

ನಾನು ಬೆಳಿಗ್ಗೆ ವಾಕಿಂಗ್ ಹೋಗುವವನಲ್ಲ.

ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದರೆ, ಯಂತ್ರ ತಪ್ಪಿರಬೇಕು ಇಲ್ಲವೇ ನಾನು ತಪ್ಪಿರಬೇಕು. ಮೊದಲಾಗಿದ್ದರೆ ಯಂತ್ರದ ಕುತ್ತಿಗೆ ಹಿಡಿಯುತ್ತಿದ್ದೆ. ಆದರೆ ಅದಕ್ಕೆ ಸ್ವಲ್ಪ ದಿನ ಮುಂಚೆ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ ನಾನು ಮೊದಲ ಸಲ ಹೋದದ್ದು ಮರೆತು ಎರಡು ಸಲ ಮಾತನಾಡಿಸಲು ಹೋಗಿದ್ದೆ. ಎರಡನೆಯ ಸಲ ಬಾಗಿಲು ತೆರೆದ ಅವರು ಒಳಗೆ ಕರೆದು ಮತ್ತೆ ಚಹಾ ಕೊಟ್ಟಿದ್ದರು. ಸಂತೆಯ ಮಾತಂತೂ ಇದ್ದೇ ಇತ್ತು. ಮಾಡದ್ದನ್ನು ಮಾಡಿದ್ದೇನೆ ಎನ್ನುವ ತಲೆ, ಮಾಡಿದ್ದನ್ನು ಮಾಡಿಲ್ಲ ಎನ್ನಲಾರದೇ?

ಡಾಕ್ಟರು ಪರವೂರಿಗೆ ಹೋಗಿದ್ದರು. ವರದಿ ನೋಡಿ ಮುಂದಿನ ವಾರ ತೀರ್ಮಾನ ಎಂದಾಯಿತು. ಬಸ್ಸಿನಲ್ಲಿ ಧಾರವಾಡದವರೆಗೂ ಒಂದೇ ಯೋಚನೆ. ನಾನು ನಡೆದಿದ್ದರೆ ಎಲ್ಲಿಗೆ ನಡೆದೆ? ರೈಲ್ವೆ ಹಳಿ ನಮ್ಮ ಮನೆಯಿಂದ ದೂರವಿಲ್ಲ. ದಾಟುವಾಗ ಎರಡೂ ಕಡೆ ನೋಡಿದೆನೇ?

ಮನೆಗೆ ಬಂದಾಗ ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಹೆಚ್ಚು ಸುತ್ತಿಬಳಸಲಿಲ್ಲ.

"ಅವ್ವಾ, ಮುಂಜಾನಿ ಸುಧಾ ಹೋದ ಮ್ಯಾಲೆ ನಾ ಎಲ್ಲಿಗರೆ ಹೋಗಿರ್ತೇನೇನು?"

ಅವಳ ಬೆರಳು ನಿಂತವು. ಆಮೇಲೆ ಮತ್ತೆ ಆಡಿದವು.

"ಹೂಂ. ಅಡ್ಡಾಡಿ ಬರ್ತಿ."

"ಎಲ್ಲಿಗೆ?"

"ಇಲ್ಲೇ. ಗುಡಿ ಕಡೆ."

ಅವಳು ತಲೆ ಎತ್ತಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ಎತ್ತಲಿಲ್ಲ ಎಂದುಕೊಂಡೆ.

ಆಮೇಲಿನ ದಿನಗಳನ್ನು ವರ್ಣಿಸುವುದು ಕಷ್ಟ. ಕಾಲು ಹೋಗುವುದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತ ಬಂದಿದ್ದೆ. ಕೋಲು, ಗಾಲಿಕುರ್ಚಿ, ಮನೆಯ ಮೆಟ್ಟಿಲಿಗೆ ಇಳಿಜಾರು, ಇವೆಲ್ಲ ನೋಡಿ ಮಾಡುವ ಕೆಲಸಗಳು. ತಲೆಗೆ ಯಾವ ಇಳಿಜಾರು ಕಟ್ಟುವುದು? ಚಪ್ಪಲಿಗೆ ಮಣ್ಣು ಹತ್ತಿದೆಯೇ ಎಂದು ನೋಡುತ್ತಿದ್ದೆ. ಹತ್ತಿರುತ್ತಿರಲಿಲ್ಲ. ಒರೆಸಿಟ್ಟು ಮರೆತಿರಬೇಕು ಎಂದುಕೊಳ್ಳುತ್ತಿದ್ದೆ. ಕಾರ್ಖಾನೆಯಲ್ಲಿ ಒಂದೇ ಗೇಜನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಸುಧಾಳಿಗೆ ಹೇಳಲಿಲ್ಲ. ಡ್ರಿಪ್ ತಪ್ಪಬಹುದು ಎಂದಷ್ಟೇ ಹೇಳಿದೆ. ಅವಳು ನಂಬಲಾರದೆ ನನ್ನ ಕಾಲನ್ನೇ ನೋಡಿದಳು.

ಡಾಕ್ಟರರ ಬಳಿ ಹೋಗುವುದಕ್ಕೆ ಒಂದೆರಡು ದಿನ ಉಳಿದಿರುವಾಗ, ಬೆಳಿಗ್ಗೆ, ಅವ್ವ ಹೂವಿನ ಬುಟ್ಟಿ ಹಿಡಿದು ಗುಡಿಗೆ ಹೊರಟಿದ್ದಳು. ನಾನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ.

"ಅವ್ವಾ, ಹೋಗೂಮುಂದ ತಲಬಾಗಿಲಿಗೆ ಹೊರಗಿಂದ ಚಿಲಕಾ ಹಾಕ್ಕೊಂಡು ಹೋಗು."

"ಯಾಕ? ಒಳಗ ನೀ ಇದ್ದಿ."

"ಅದಕ್ಕ ಹೇಳಾಕತ್ತೇನಿ. ನಾ ಎದ್ದು ಎಲ್ಲಿಗರೆ ಹೋದ್ರ ನನಗ ಗೊತ್ತಾಗೂದಿಲ್ಲ. ಹಳಿ ಕಡೆ ಹೋದ್ರ ಏನ ಮಾಡ್ತಿ? ನೀ ಬಂದ ಮ್ಯಾಲೆ ತಗಿ."

ಅವ್ವ ಬುಟ್ಟಿ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂಡಬಾರದು ಎಂದು ಜೀವಮಾನವಿಡೀ ಎಲ್ಲರನ್ನೂ ಎಬ್ಬಿಸಿದವಳು ಅವಳು.

"ಅದು ನೀ ಅಲ್ಲೋ ಗಿರ್ಯಾ," ಎಂದಳು. "ನಾ."

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಅವಳು ಹೇಳಿದ್ದು ಇದು. ನನಗೆ ರೋಗ ಬಂದಾಗಿನಿಂದ ಅವಳು ದಿನಾ ಹನುಮಪ್ಪನಿಗೆ ನನ್ನ ಹೆಸರಿನಲ್ಲಿ ಪ್ರದಕ್ಷಿಣೆ ಹಾಕುತ್ತಾಳೆ. ನಮ್ಮಲ್ಲಿ ಇದು ಇದ್ದದ್ದೇ: ಮಲಗಿದವರ ಹೆಸರಿನಲ್ಲಿ ಎದ್ದವರು ಉಪವಾಸ ಮಾಡುತ್ತಾರೆ, ನಡೆಯಲಾರದವರ ಹೆಸರಿನಲ್ಲಿ ನಡೆಯಬಲ್ಲವರು ಪ್ರದಕ್ಷಿಣೆ ಹಾಕುತ್ತಾರೆ, ಫಲ ಹೆಸರಿನವರಿಗೆ. ಮೊದಲ ದಿನ ಪಟ್ಟಿಯನ್ನು ಗೂಡಿನಿಂದ ಎತ್ತಿಕೊಂಡದ್ದು ದೇವರ ಪಾದಕ್ಕೆ ಮುಟ್ಟಿಸಿ ತರಲು ಮಾತ್ರ. ಕೈಯಲ್ಲಿ ಬುಟ್ಟಿ, ತಂಬಿಗೆ ಇದ್ದವು. ಹಿಡಿಯಲಾಗದೆ ಸೊಂಟಕ್ಕೆ ಕಟ್ಟಿಕೊಂಡಳು. ಪ್ರದಕ್ಷಿಣೆ ಹಾಕುವಾಗ ಹೊಟ್ಟೆಯ ಬಳಿ ಅದು ಅಲುಗಿದಾಗ ರೊಟ್ಟಿಯ ದಿನ ನೆನಪಾಯಿತು.

"ಯಾರ ಹೆಸರಿಗೈತೋ ಅವ್ರ ಲೆಕ್ಕಾ ಅಂತ ನೀನ ಹೇಳಿದ್ದಿ. ಮರುದಿನದಿಂದ ಬೇಕಂತ ಕಟಗೊಂಡೆ. ಹೆಸರು ನಿಂದು, ಕಾಲು ನಂದು. ದೇವ್ರು ನಿನ್ನ ಹೆಸರಿಗೆ ಬರಕೋತಾನ, ಮಷೀನೂ ಬರಕೊಂಡ್ರ ಏನ ತಪ್ಪು ಅನಿಸ್ತು. ಆ ಡ್ರಿಪ್ಪಿನ ಅಂಜಿಕಿ ನನಗ. ಸಣ್ಣ ಜ್ವರಾನೂ ದೊಡ್ಡದಾಗ್ತೈತಿ ಅಂದ್ರಂತಲ್ಲ."

"ಮತ್ತ ನಾ ಕೇಳಿದಾಗ ಹೂಂ ಅಂದೆಲ್ಲ?"

"ಬಾಯಾಗಿಂದ ಬಿದ್ದಬಿಟ್ಟತು. ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಾಗ ದಡ್ಡ ಹುಡುಗ್ರನ್ನ ಹಿಂದಿನ ಸಾಲಿನ್ಯಾಗ ಮುಚ್ಚಿ ಕೂಡ್ರಸ್ತಿದ್ದೆ. ಹಂಗ ನಿನ್ನೂ ಮುಚ್ಚಾಕ ಹೋದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ನಿನ್ನ ತಲಿನ ಸಂಶೇ ಪಡ್ತಿ ಅಂತ ನನಗ ಹೊಳೀಲೇ ಇಲ್ಲ. ಊರಾಗ ಎಲ್ಲಾರನ್ನೂ ಸಂಶೇ ಪಡಾಂವ, ನನ್ನೊಬ್ಬಾಕಿನ್ನ ಬಿಟ್ಟು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಕಾಲು ನಾನಂದುಕೊಂಡದ್ದಕ್ಕಿಂತ ಹದಗೆಟ್ಟಿದೆ ಎಂದು ಆಗಷ್ಟೇ ತಿಳಿದಿತ್ತು, ಆದರೆ ರೋಗ ಬಂದ ಮೇಲೆ ಅಷ್ಟು ಹಗುರ ನನಗೆಂದೂ ಆಗಿರಲಿಲ್ಲ. ನಡೆಯದವನು ನಡೆದಿರಲಿಲ್ಲ, ನಡೆದ ನೆನಪೂ ಇರಲಿಲ್ಲ. ತಲೆ ತನ್ನ ಕೆಲಸ ಮಾಡಿತ್ತು. ಅಳತೆ ತಪ್ಪಲು ಇರುವ ಕಾರಣಗಳನ್ನು ವಿಭಾಗದಲ್ಲಿ ನಾನೇ ಪಾಠ ಮಾಡುತ್ತೇನೆ: ಸಾಧನದ ದೋಷ, ಹಿಡಿಯುವ ಕೈಯ ದೋಷ, ಶಾಖ, ಧೂಳು. ತಾಯಿಯನ್ನು ನಾನು ಸೇರಿಸಿರಲಿಲ್ಲ. ಅವಳ ಪಕ್ಕದಲ್ಲಿ, ಹೊಸ್ತಿಲಿನ ಮೇಲೆಯೇ, ಗೋಡೆ ಹಿಡಿದು ಕೂತೆ. ಅಂದು ಗುಡಿಯ ಹೊತ್ತೂ ತಪ್ಪಿತು, ಕಾರ್ಖಾನೆಯ ಗಾಡಿಯೂ ತಪ್ಪಿತು.

ಡಾಕ್ಟರರಿಗೆ ತಾನೇ ಹೇಳುತ್ತೇನೆಂದು ಅವ್ವ ಹಟ ಹಿಡಿದು ಬಂದಳು. ಹೇಳಿದಳು ಕೂಡ, ಕೈಕಟ್ಟಿ ನಿಂತು. ಡಾಕ್ಟರು ಬೈಯಲಿಲ್ಲ. ಕೂತುಕೊಳ್ಳಿರೆಂದು ಕುರ್ಚಿ ತೋರಿಸಿದರು. ಶಾಹೀನ್ ಮತ್ತೆ ಆ ಗುಡ್ಡಗಳನ್ನು ತೆರೆದು ನೋಡಿ, ಎರಡೂ ಕಾಲು ಎಷ್ಟು ಸಮ ಬಿದ್ದಿವೆ, ಇದನ್ನು ನೋಡಿಯೂ ನನಗೆ ಹೊಳೆಯಲಿಲ್ಲವಲ್ಲ ಎಂದು ಪೇಚಾಡಿಕೊಂಡರು. "ಅಮ್ಮಾರ, ಈ ವಯಸ್ಸಿಗೆ ಇಂಥಾ ನಡಿಗಿ ನನಗ ಬಂದ್ರ ಸಾಕು," ಎಂದರು. ಅವ್ವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೆಳಗಿನ ಹೊತ್ತು ಬಿಟ್ಟು ಉಳಿದದ್ದನ್ನು ಲೆಕ್ಕ ಹಾಕಬಹುದು ಎಂದರು ಡಾಕ್ಟರು. ನಾನು ಒಪ್ಪಲಿಲ್ಲ. ಮತ್ತೊಂದು ವಾರ ಕಟ್ಟಿಕೊಂಡೆ.

ಈ ಸಲ ಬಂದದ್ದು ನನ್ನದೇ ನಡಿಗೆ. ಸುಧಾ ಹೇಳಿದ್ದು ಬಹುಪಾಲು ನಿಜ, ಮನೆಯಲ್ಲಿ ನಾನು ನಡೆಯುವುದು ಇಲ್ಲವೆನ್ನುವಷ್ಟು. ಆದರೆ ಕಾರ್ಖಾನೆಯಲ್ಲಿ ಅವಳು ಕಾಣದ ಕಡೆ ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು ಓಡಾಡುತ್ತಿದ್ದೆ. ಇದನ್ನು ನೋಡಿ ಅವಳು, "ಹಂಗಾದ್ರ ಉಳದ ಶಕ್ತಿಯೆಲ್ಲಾ ಅಲ್ಲೇ ಖರ್ಚ ಮಾಡಿ ಬರ್ತೀರೇನು?" ಎಂದಳು. ಡಾಕ್ಟರು ಎರಡೂ ವಾರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಇನ್ನು ಗುಳಿಗೆಯನ್ನು ನಂಬಿ ಕೂಡುವುದು ಬೇಡ ಎಂದರು. ಡ್ರಿಪ್‌ಗೆ ದಿನ ಗೊತ್ತಾಯಿತು.

ನನ್ನಂತೆಯೇ ಈ ಹಾದಿಯಲ್ಲಿರುವವರಿಗೆ ಹೇಳಬೇಕಾದದ್ದು ಒಂದಿದೆ. ಅಳೆಯಿರಿ, ಅಂಜಬೇಡಿ. ಕಡಿಮೆ ಬಂದ ಅಂಕಿ ನನ್ನನ್ನು ಕೆಳಗೆ ಬೀಳಿಸಲಿಲ್ಲ. ಹೆಚ್ಚು ಬಂದ ಅಂಕಿಯೇ ಬೀಳಿಸುವುದರಲ್ಲಿತ್ತು.

ಡ್ರಿಪ್ಪಿನ ದಿನ ಅವ್ವ ಜೊತೆಗೆ ಬಂದಳು. ಸುಧಾ ಸಂಜೆ ಸೇರಿಕೊಳ್ಳುವವಳಿದ್ದಳು. ನನ್ನನ್ನು ಹಾಸಿಗೆಯ ಮೇಲೆ ಮಲಗಿಸಿದರು. ನರ್ಸು ಕೈಗೆ ಪಟ್ಟಿ ಬಿಗಿದು, ನರ ತಟ್ಟಿ ಎಬ್ಬಿಸುತ್ತ, ಈ ವಾರದಲ್ಲಿ ಜ್ವರ, ಕೆಮ್ಮು, ಉರಿಮೂತ್ರ ಏನಾದರೂ ಇತ್ತೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಮುಗಿದರೆ ಸಾಕಾಗಿತ್ತು.

"ಇಲ್ರಿ, ಮೊನ್ನಿಯಿಂದ ಕೆಮ್ಮಾಕತ್ತಾನ," ಎಂದಳು ಅವ್ವ, ಕಾಲ ಬಳಿಯ ಸ್ಟೂಲಿನಿಂದ.

ನರ್ಸು ನನ್ನ ಮುಖ ನೋಡಿದರು. ನನಗೆ ಕೆಮ್ಮಿದ ನೆನಪು ಇರಲಿಲ್ಲ, ಒಂದು ಸಲವೂ. ಅವರು ಡಾಕ್ಟರರನ್ನು ಕರೆತಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಡಾಕ್ಟರು, ಕಫ ಇದ್ದ ಹಾಗಿದೆ, ಸಂಶಯವಿದ್ದಾಗ ಈ ಔಷಧಿ ಹಾಕುವುದು ಬೇಡ, ವಾರ ಬಿಟ್ಟು ಬನ್ನಿ ಎಂದರು. ಕೈಗೆ ಬಿಗಿದ ಪಟ್ಟಿ ಬಿಚ್ಚಿದರು.

ಹೊರಗೆ ಆಟೋಗೆ ಕಾಯುತ್ತ ನಿಂತಾಗ ಅವ್ವ ಕೇಳಿದಳು: "ಮೆಡಿಕಲ್ ಶಾಪಿಗೆ ಹೋಗಿ ಥರ್ಮಾಮೀಟರ್ ತರೂಣೇನು? ನೀ ಅಳೀದ ನಂಬಾಂವಲ್ಲ."

"ಬ್ಯಾಡ," ಎಂದೆ. "ನಾ ಕೆಮ್ಮೇನಿ ಅಂತ ನೀ ಅಂದ್ರ ಕೆಮ್ಮಿರಬೇಕು."